ಕೊಡಗಿಗೆ ಬರುವ ನೆಂಟರನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಲಿ?

ನಿಮ್ಮ ಪ್ರಶ್ನೆ ಹೀಗಿದೆ: ಕೆಲಸದ ವರ್ಗಾವಣೆಯಿಂದ ಮಡಿಕೇರಿಗೆ ಬಂದಿದ್ದೀರಿ, ಬೆಂಗಳೂರಿನಿಂದ ಅಪ್ಪ ಅಮ್ಮ ಮತ್ತು ಗೆಳೆಯರ ಕುಟುಂಬವೊಂದು ಕಾರಿನಲ್ಲಿ ಬರುತ್ತಿದ್ದಾರೆ, ಹಿರಿಯರು ಸಸ್ಯಾಹಾರಿಗಳು, ಗೆಳೆಯರು ಪಂದಿಕರಿ, ಅಂದರೆ ಕೊಡಗಿನ ಹಂದಿಮಾಂಸದ ಕರಿ ತಿನ್ನಲೆಂದೇ ಹೊರಟವರು, ಎಲ್ಲರಿಗೂ ಹಿಡಿಸುವ ಒಂದು ಒಳ್ಳೆಯ ಹೊಟೇಲು ಹೇಳಿ ಎಂದು. ನಾನು ಕುಶಾಲನಗರದಲ್ಲಿರುತ್ತೇನೆ, ನಮ್ಮ ಮನೆಗೆ ವರ್ಷವಿಡೀ ಯಾರಾದರೂ ಬರುತ್ತಲೇ ಇರುತ್ತಾರೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ಅಂಥ ಒಂದು ಹೊಟೇಲನ್ನು ಹುಡುಕುವುದನ್ನು ಬಿಡಿ. ಒಂದೊಂದು ಹೊತ್ತಿಗೆ ಒಂದೊಂದು ಜಾಗ ಆರಿಸಿಕೊಳ್ಳಿ. ಅಡುಗೆ ಮಾಡುವವರು ತಮ್ಮ ಮನೆಯಲ್ಲೂ ಅದನ್ನೇ ಉಣ್ಣುವವರಾಗಿರಬೇಕು, ನೋಡಬೇಕಾದದ್ದು ಅದೊಂದೇ.

ಹೆದ್ದಾರಿಯ ಬದಿಯಲ್ಲಿ ಕೂರ್ಗ್, ಚೈನೀಸ್, ತಂದೂರಿ, ಉತ್ತರ ಭಾರತೀಯ ಎಂದು ಒಂದೇ ಫಲಕದಲ್ಲಿ ಬರೆದುಕೊಂಡ ಕಡೆ ದೊಡ್ಡ ಗುಂಪಿಗೆ ಜಾಗ ಸಿಗುತ್ತದೆ, ವಾಹನ ನಿಲ್ಲಿಸಲು ಅನುಕೂಲವಿರುತ್ತದೆ. ಆದರೆ ಅಲ್ಲಿಯ ಪಂದಿಕರಿಯನ್ನು ಕೊಡಗಿನ ಊಟವೆಂದು ನೆಂಟರ ಮುಂದೆ ಇಡಲು ನನಗೆ ಮನಸ್ಸು ಬರುವುದಿಲ್ಲ. ಕೊಡವರ ಅಡುಗೆ ಐನ್‌ಮನೆಗಳಲ್ಲಿ (ಕುಟುಂಬದ ಮೂಲ ಮನೆಗಳಲ್ಲಿ), ಹಬ್ಬ ಮದುವೆಗಳಲ್ಲಿ ಬೆಳೆದು ಬಂದದ್ದು. ಹೊಟೇಲಿಗೆ ಬಂದದ್ದು ತೀರಾ ಈಚೆಗೆ. ಅದನ್ನು ಚೆನ್ನಾಗಿ ಮಾಡುವವರು ಸಾಮಾನ್ಯವಾಗಿ ಮನೆಮಂದಿಯೇ ನಡೆಸುವ ಸಣ್ಣ ಹೊಟೇಲುಗಳವರು, ಇಲ್ಲವೇ ಹೇಳಿದವರಿಗಷ್ಟೇ ಅಡುಗೆ ಮಾಡಿಕೊಡುವ ಹೋಮ್‌ಸ್ಟೇಯವರು. ಅಲ್ಲಿ ಅಡುಗೆಯವರು ಬದಲಾದರೆ ರುಚಿಯೂ ಬದಲಾಗುತ್ತದೆ, ಆದ್ದರಿಂದ ಹೆಸರುಗಳ ಪಟ್ಟಿ ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ನಿಮ್ಮ ಕಚೇರಿಯ ಸ್ಥಳೀಯ ಸಹೋದ್ಯೋಗಿಗಳನ್ನು ಕೇಳಿ ಎರಡು ಮೂರು ನಂಬರು ಪಡೆಯಿರಿ. ಹಿಂದಿನ ದಿನವೇ ಫೋನ್ ಮಾಡಿ, ನಾಳೆ ಮಧ್ಯಾಹ್ನ ಇಷ್ಟು ಜನ ಬರುತ್ತೇವೆ, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಇರುತ್ತದೆಯೇ ಎಂದು ಕೇಳಿ. ಇರುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗದೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ತಿರುಗಿ ಕೇಳುವವರ ಬಳಿಗೆ ಹೋಗಿ. ಅವರು ಬಿಸಿಯಾಗಿ ಬಡಿಸುವ ಯೋಚನೆಯಲ್ಲಿದ್ದಾರೆ ಎಂದೇ ಅರ್ಥ.

ಪಂದಿಕರಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಗೆಳೆಯರು ಬರುವುದೇ ಅದಕ್ಕಾಗಿ. ಒಳ್ಳೆಯ ಪಂದಿಕರಿಯ ಬಣ್ಣ ಕಪ್ಪು. ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸನ್ನು ಒಣ ಬಾಣಲೆಯಲ್ಲಿ ಸೀದುಹೋಗುವ ಅಂಚಿನವರೆಗೆ ಹುರಿದು ಪುಡಿ ಮಾಡಿರುತ್ತಾರೆ. ಮಾಂಸದ ಜೊತೆ ಕೊಬ್ಬು, ಚರ್ಮ ಎರಡೂ ಇರಬೇಕು. ಆ ಕೊಬ್ಬಿನಲ್ಲೇ ಮಾಂಸ ನಿಧಾನವಾಗಿ ಬೇಯಬೇಕು. ಕೊನೆಯಲ್ಲಿ ಬೀಳುವುದು ಕಾಚಂಪುಳಿ, ಅಂದರೆ ಪಣಪುಳಿ ಹಣ್ಣಿನಿಂದ ಮಾಡಿದ ಕಪ್ಪು ಹುಳಿ. ಈ ಹಣ್ಣು ಮಳೆಗಾಲದಲ್ಲಿ ಕಳಿತು ಉದುರುತ್ತದೆ. ಅದನ್ನು ರಾಶಿ ಹಾಕಿ, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಮಂದವಾಗುವವರೆಗೆ ಕುದಿಸುತ್ತಾರೆ. ಒಂದು ಸಣ್ಣ ಚಮಚ ಒಂದು ಪಾತ್ರೆ ಕರಿಗೆ ಹುಳಿ ಕೊಡುತ್ತದೆ. ತಟ್ಟೆಯಲ್ಲಿ ಗುರುತಿಸುವುದು ಸುಲಭ: ಮಸಾಲೆ ಸಾರಿನಂತೆ ಹರಿಯದೆ ತುಂಡುಗಳಿಗೆ ಅಂಟಿಕೊಂಡಿರುತ್ತದೆ, ಬಾಯಿಗಿಟ್ಟಾಗ ಮೊದಲು ಮೆಣಸಿನ ಖಾರ ಹತ್ತಿ ನುಂಗುವ ಹೊತ್ತಿಗೆ ಹುಳಿ ಬರುತ್ತದೆ. ಕೆಂಪು ಗ್ರೇವಿಯಲ್ಲಿ ಟೊಮೆಟೊ ತೇಲುತ್ತಿದ್ದರೆ ಅದು ಬೇರೆಯೇ ಪದಾರ್ಥ. ಜೊತೆಗೆ ಕಡಂಬುಟ್ಟನ್ನೇ ಕೇಳಿ, ಅನ್ನ ಬೇಡ. ಅಕ್ಕಿ ತರಿಯನ್ನು ಬೇಯಿಸಿ, ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೊಮ್ಮೆ ಬೇಯಿಸಿದ್ದು ಅದು. ಮುರಿದಾಗ ಒಳಗಿಂದ ಹಬೆ ಏಳಬೇಕು, ತರಿ ತರಿಯಾಗಿ ಕಾಣಬೇಕು. ಬೆಳಗ್ಗೆ ಮಾಡಿಟ್ಟು ಮತ್ತೆ ಬಿಸಿ ಮಾಡಿದ ಉಂಡೆ ರಬ್ಬರಿನಂತೆ ಎಳೆಯುತ್ತದೆ.

ಕಾಡುಹಂದಿಯ ಮಾಂಸ ಇದೆ ಎಂದು ಯಾರಾದರೂ ಗುಟ್ಟಿನಲ್ಲಿ ಹೇಳಿದರೆ ಖಂಡಿತ ಬೇಡ ಎನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ಬೇಟೆ ಅಪರಾಧ. ನೆಂಟರು ಉತ್ಸಾಹದಿಂದ ಕೇಳಿದರೂ ನೀವು ಬಗ್ಗಬಾರದು.

ಇನ್ನು ನಿಮ್ಮ ಅಪ್ಪ ಅಮ್ಮ. ಕೊಡಗಿನಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗುವುದಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಬೆಂದ ಅನ್ನಕ್ಕೆ ಅಕ್ಕಿಹಿಟ್ಟು ಸೇರಿಸಿ ನಾದಿ, ತಟ್ಟಿ, ಕಾವಲಿಯ ಮೇಲೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಿದ ಅಕ್ಕಿ ಒಟ್ಟಿ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಎಳ್ಳಿನ ಪಜ್ಜಿ, ಅಂದರೆ ಚಟ್ನಿ: ಇದಕ್ಕಿಂತ ಒಳ್ಳೆಯ ಬೆಳಗಿನ ತಿಂಡಿ ನನಗೆ ಗೊತ್ತಿಲ್ಲ. ಹಲ್ಲಿಗೆ ಹಿತವಾಗಿರಬೇಕೆಂದರೆ ಅಕ್ಕಿ ಶಾವಿಗೆಯಾದ ನೂಲ್‌ಪುಟ್ಟು ಅಥವಾ ಅಕ್ಕಿ ತರಿಗೆ ತೆಂಗಿನತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು ಇದೆ. ಕಾಡುಮಾವಿನ ಕರಿ, ಕೆಸುವಿನ ಸೊಪ್ಪಿನ ಕರಿ, ಕುಂಬಳದ ಕರಿ ಎಲ್ಲವೂ ಇಲ್ಲಿಯವರ ದಿನನಿತ್ಯದ ಊಟ. ಕಾಡುಮಾವಿನದಂತೂ ಬೆಲ್ಲ, ಹುಳಿ, ಖಾರ ಮೂರೂ ಸೇರಿದ್ದು. ಓಟೆಯನ್ನು ಕೈಯಲ್ಲಿ ಹಿಡಿದು ಚೀಪಬೇಕು, ಸಂಕೋಚ ಪಡಬೇಡಿ ಎಂದು ಹಿರಿಯರಿಗೆ ನೀವೇ ಹೇಳಿ. ಇವು ಮೆನು ಕಾರ್ಡಿನಲ್ಲಿ ಕಾಣದಿದ್ದರೆ ಫೋನಿನಲ್ಲೇ ಕೇಳಿ ಮಾಡಿಸಿ.

ಮಳೆಗಾಲದಲ್ಲಿ ಬಂದರೆ ಇನ್ನೂ ಒಳ್ಳೆಯದು. ಆಗ ಬೈಂಬಳೆ, ಅಂದರೆ ಎಳೆ ಬಿದಿರು ಸಿಗುತ್ತದೆ. ಹೆಚ್ಚಿ, ನೀರು ಬದಲಾಯಿಸುತ್ತಾ ನೆನೆಹಾಕಿ, ಅದರ ನಂಜು ಕಳೆದ ಮೇಲಷ್ಟೇ ಕರಿ ಮಾಡುತ್ತಾರೆ. ಗುಡುಗಿನ ಜೊತೆಗೆ ಏಳುವ ಕುಮ್ಮು ಅಣಬೆಯೂ ಅದೇ ಕಾಲದ್ದು. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪು ಎಂಬ ಔಷಧೀಯ ಎಲೆಯ ಪಾಯಸ ಮಾಡುತ್ತಾರೆ. ಬಣ್ಣ ಗಾಢ ನೇರಳೆ, ವಾಸನೆ ಇಡೀ ಮನೆಗೆ ಹರಡುತ್ತದೆ. ಅದನ್ನು ಉಂಡ ಮೇಲೆ ಮೂತ್ರ ಕೆಂಪಗಾಗುತ್ತದೆ. ಹೊಸಬರು ಗಾಬರಿಯಾಗದಂತೆ ಬಡಿಸುವ ಮೊದಲೇ ತಿಳಿಸಿ.

ಒಂದು ಸೂಕ್ಷ್ಮ ವಿಷಯ. ಹಂದಿಮಾಂಸ ಬೇಯುವ ಅಡುಗೆಮನೆಯಲ್ಲಿ ಊಟ ಮಾಡಲು ಒಪ್ಪದ ಹಿರಿಯರು ಇರುತ್ತಾರೆ, ಮುಸ್ಲಿಂ ಸ್ನೇಹಿತರು ಇರುತ್ತಾರೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಬರೀ ಮೊಸರನ್ನ ಕಲಸಿಕೊಂಡು ಏಳುತ್ತಾರೆ. ಆತಿಥೇಯರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ನಿಮ್ಮ ಅಪ್ಪ ಅಮ್ಮನಿಗೆ ಹಾಗಿದ್ದರೆ ಪಂದಿಕರಿಯ ಊಟಕ್ಕೆ ಗೆಳೆಯರನ್ನಷ್ಟೇ ಕರೆದುಕೊಂಡು ಹೋಗಿ, ಹಿರಿಯರಿಗೆ ಆ ಹೊತ್ತು ಮನೆಯಲ್ಲಿ ಒಟ್ಟಿಯೂ ವಿಶ್ರಾಂತಿಯೂ ಇರಲಿ. ಒಂದೇ ಮೇಜಿನಲ್ಲಿ ಕೂರಿಸಬೇಕೆಂಬ ಹಟಕ್ಕೆ ಯಾರ ಊಟವೂ ಕೆಡಬಾರದು.

ಎಲ್ಲರೂ ಒಟ್ಟಿಗೆ ಕೂರಬಹುದಾದ ಊಟಕ್ಕೆ ನಾನು ಬೈಲಕುಪ್ಪೆಯನ್ನು ಹೇಳುತ್ತೇನೆ. ಅದು ಕೊಡಗಲ್ಲ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಆದರೆ ಕಾವೇರಿ ದಾಟಿದರೆ ಬಂತು, ಕುಶಾಲನಗರದಿಂದ ಸುಮಾರು 6 ಕಿಲೋಮೀಟರ್. ಟಿಬೆಟಿನಿಂದ ನಿರಾಶ್ರಿತರಾಗಿ ಬಂದವರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಯಾದ ಊರು ಅದು. ಅಲ್ಲಿಯ ನಾಮ್‌ಡ್ರೋಲಿಂಗ್ ಮಠವನ್ನು ಟಿಬೆಟಿನ ಬೌದ್ಧ ಗುರು ಪೆನೋರ್ ರಿನ್‌ಪೋಚೆ 1963ರಲ್ಲಿ ಸ್ಥಾಪಿಸಿದರು. ಆ ಮಠದ ಸ್ವರ್ಣಮಂದಿರ ನೋಡಲು ಎಲ್ಲರೂ ಹೋಗುತ್ತಾರೆ, ಆದರೆ ಬಹಳ ಜನ ಅಲ್ಲಿ ಊಟ ಮಾಡದೆ ಮಡಿಕೇರಿಗೆ ಓಡುತ್ತಾರೆ. ನೀವು ಹಾಗೆ ಮಾಡಬೇಡಿ. ಯುವ ಭಿಕ್ಷುಗಳು ಕೂತು ಉಣ್ಣುತ್ತಿರುವ ಸಣ್ಣ ಹೊಟೇಲು ಕಂಡರೆ ಒಳಗೆ ಹೋಗಿ. ಎಲೆಕೋಸು, ಆಲೂಗಡ್ಡೆ ಅಥವಾ ಚೀಸ್ ತುಂಬಿದ ಮೊಮೊ, ತರಕಾರಿ ತುಕ್ಪಾ (ನೂಡಲ್ಸ್ ಸಾರು) ಸಸ್ಯಾಹಾರಿಗಳಿಗೆ ಸಿಗುತ್ತವೆ. ಹಿರಿಯರಿಗೆ ಟಿಂಗ್ಮೊ ತರಿಸಿ: ಒಳಗೆ ಏನೂ ತುಂಬದ, ಪದರ ಪದರವಾಗಿ ಬಿಡಿಸಬಹುದಾದ ಹಬೆಯ ರೊಟ್ಟಿ, ತುಂಬಾ ಮೃದು. ಮಾಂಸದ ಪದಾರ್ಥ ಹೇಳುವಾಗ ಯಾವ ಮಾಂಸ ಎಂದು ಕೇಳಿಯೇ ಹೇಳಿ. ಬೆಣ್ಣೆ ಚಹಾಕ್ಕೆ ಉಪ್ಪು ಹಾಕಿರುತ್ತಾರೆ. ಅದನ್ನು ಚಹಾ ಎಂದುಕೊಂಡು ಕುಡಿದವರು ಮುಖ ಕಿವುಚುತ್ತಾರೆ, ಬಿಸಿ ಸಾರು ಎಂದುಕೊಂಡು ಕುಡಿದವರು ಇನ್ನೊಂದು ಲೋಟ ಕೇಳುತ್ತಾರೆ. ಮೊಮೊ ಆಗ ತಾನೇ ತುಂಬಿ ಬೇಯಿಸುವ ಕಡೆ ಕಾಯಬೇಕಾಗುತ್ತದೆ, ಅವಸರ ಮಾಡಬೇಡಿ. ಟಿಬೆಟಿನ ಹೊಸ ವರ್ಷವಾದ ಲೋಸರ್ ಹಬ್ಬದ ದಿನಗಳಲ್ಲಿ, ಅಂದರೆ ಫೆಬ್ರವರಿ, ಮಾರ್ಚ್ ಆಸುಪಾಸಿನಲ್ಲಿ, ಅಂಗಡಿಗಳು ಮುಚ್ಚಿರಬಹುದು, ವಿಚಾರಿಸಿಕೊಂಡು ಹೋಗಿ.

ವಿರಾಜಪೇಟೆ, ಸಿದ್ದಾಪುರದ ಕಡೆ ಸುತ್ತಾಡುವುದಿದ್ದರೆ ಮಲಬಾರ್ ಶೈಲಿಯ ಹೊಟೇಲುಗಳಿವೆ. ಸಣ್ಣ ಅಕ್ಕಿಯ ಬಿರಿಯಾನಿ, ತೆಳ್ಳಗಿನ ಅಕ್ಕಿರೊಟ್ಟಿಯಾದ ಪತ್ತಿರಿ, ಊಟದ ಮೇಲೆ ನಿಂಬೆ ಹಿಂಡಿದ ಸುಲೈಮಾನಿ ಎಂಬ ಹಾಲಿಲ್ಲದ ಚಹಾ. ರಂಜಾನ್ ತಿಂಗಳಲ್ಲಿ ಹಗಲು ಮುಚ್ಚಿರುತ್ತವೆ, ಸಂಜೆ ತಿಂಡಿಗಳ ಸುಗ್ಗಿ.

ಕಾಫಿಯ ವಿಷಯದಲ್ಲಿ ನನಗೆ ತುಸು ಹೆಚ್ಚೇ ಅಭಿಮಾನ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹಾಗಿದ್ದೂ ಕಾಫಿ ಬೆಳೆಯುವ ಊರಿಗೆ ಬಂದವರು ಎಲ್ಲೆಂದರಲ್ಲಿ ಸಿಗುವ ಕ್ಯಾಪುಚಿನೊ ಕುಡಿದು ಹೋಗುತ್ತಾರೆ. ಕೆಫೆಯಲ್ಲಿ ಬೀಜ ಯಾವ ತೋಟದ್ದು, ಯಾವಾಗ ಹುರಿದದ್ದು ಎಂದು ಕೇಳಿ. ಉತ್ತರ ಹೇಳಲು ಖುಷಿಪಡುವ ಕೆಫೆ ಒಳ್ಳೆಯ ಕೆಫೆ. ಇಲ್ಲಿಯ ಹಳೆಯ ಮನೆಗಳಲ್ಲಿ ಕುಡಿಯುವ ಬೆಲ್ಲದ ಕರಿಕಾಫಿ ಸಿಕ್ಕರೆ ಅದನ್ನೇ ತರಿಸಿ, ಹಾಲು ಬೇಡವೇ ಬೇಡ. ನವೆಂಬರಿನಿಂದ ಕೊಯ್ಲು ಶುರುವಾಗಿ ಇನ್ನೊಂದು ತಳಿಯಾದ ರೊಬಸ್ಟಾದ ಕೊಯ್ಲು ಮುಗಿಯುವವರೆಗೆ ತೋಟಗಳ ಪಕ್ಕದ ಕೆಫೆಗಳ ಅಂಗಳದಲ್ಲಿ ಕಾಫಿ ಹಣ್ಣು ಒಣಗುತ್ತಿರುತ್ತದೆ. ಮಕ್ಕಳಿಗೆ ತೋರಿಸಿ, ಆದರೆ ತುಳಿಯದಂತೆ ನೋಡಿಕೊಳ್ಳಿ.

ನಿಮ್ಮವರು ಹುಣಸೂರು, ಪಿರಿಯಾಪಟ್ಟಣದ ದಾರಿಯಲ್ಲೇ ಬರುತ್ತಾರಲ್ಲ, ಮೊದಲ ದಿನದ ಮಧ್ಯಾಹ್ನಕ್ಕೆ ಬೈಲಕುಪ್ಪೆಯಲ್ಲೇ ಇಳಿಯಲು ಹೇಳಿ, ನೀವು ಮಡಿಕೇರಿಯಿಂದ ಬಂದು ಸೇರಿಕೊಳ್ಳಿ. ಸುಮಾರು 35 ಕಿಲೋಮೀಟರ್ ಆಗುತ್ತದೆ. ಕೊಡವ ಊಟವನ್ನು ಎರಡನೆಯ ದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ರಾತ್ರಿಗೆ ಆ ಕೊಬ್ಬು ಭಾರ. ಶನಿವಾರ, ಭಾನುವಾರವಾದರೆ ಹನ್ನೆರಡೂವರೆಗೇ ಕೂತುಬಿಡಿ, ಒಂದೂವರೆಯ ಮೇಲೆ ಪ್ರವಾಸಿಗರ ಸಾಲು ಶುರುವಾಗುತ್ತದೆ. ದಸರಾದಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪಗಳ ರಾತ್ರಿಯ ಹೊತ್ತಿಗೆ ಬರುವುದಾದರೆ ಮಾತ್ರ ಮಡಿಕೇರಿಯಲ್ಲಿ ಹೊಟೇಲಿನ ಯೋಚನೆಯನ್ನೇ ಬಿಟ್ಟು ಮನೆಯಲ್ಲಿ ಅಡುಗೆ ಮಾಡಿಕೊಳ್ಳಿ.