ಹತ್ತು ಸಾಲಿನ ಪಟ್ಟಿ ಬೇಡ, ಮೂರು ಸಾಕು

ಓದುಗರೊಬ್ಬರ ದೀರ್ಘ ಪತ್ರದ ತಿರುಳು ಇಷ್ಟು: "ದಿನಾ ರಾತ್ರಿ ಮಲಗುವ ಮುಂಚೆ ಕೃತಜ್ಞತೆ ಸಲ್ಲಬೇಕಾದ ಹತ್ತು ಸಂಗತಿಗಳನ್ನು ಬರೆದಿಡುತ್ತಿದ್ದೇನೆ. ಮೊದಮೊದಲು ಮನಸ್ಸು ಹಗುರಾಗುತ್ತಿತ್ತು. ಈಗ ಮನೆ, ಅಮ್ಮ, ಕಣ್ಣು, ಆರೋಗ್ಯ, ಕೆಲಸ ಅಂತ ಅವೇ ಪದಗಳು ಬರುತ್ತವೆ, ಆರನೆಯದಕ್ಕೆ ಪೆನ್ನು ನಿಂತುಬಿಡುತ್ತದೆ. ಹತ್ತು ಕೂಡ ನೆನಪಾಗದ ನಾನು ಕೃತಘ್ನಳೇ? ಎಲ್ಲರೆದುರು ಬೈಯುವ ಮೇಲಧಿಕಾರಿಗೂ 'ಪಾಠ ಕಲಿಸಿದರು' ಅಂತ ಋಣಿಯಾಗಿರಬೇಕು ಎನ್ನುತ್ತಾರೆ ಗೆಳತಿಯರು. ಅದು ನನ್ನಿಂದ ಆಗುತ್ತಿಲ್ಲ. ಶಾಲೆಯಲ್ಲಿ ಗಣಿತ ಕಲಿಸಿದ ಮೇಡಂಗೆ ಒಂದು ಪತ್ರ ಬರೆಯುವ ಆಸೆ ಇದೆ, ಇಷ್ಟು ವರ್ಷದ ಮೇಲೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಮಗನಿಗೂ ಈ ಅಭ್ಯಾಸ ಮಾಡಿಸಲೇ?"

ಪ್ರಿಯ ಓದುಗರೇ,

ನೀವು ಕೃತಘ್ನರಲ್ಲ. ನಿಮ್ಮ ಪಟ್ಟಿ ಉದ್ದವಾಯಿತು, ಅಷ್ಟೇ. 1991ರಲ್ಲಿ ಮನಶ್ಶಾಸ್ತ್ರಜ್ಞ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ನೀವು ದಿಟ್ಟತನದಿಂದ ನಡೆದುಕೊಂಡ ಆರು ಸಂದರ್ಭ ಬರೆಯಿರಿ ಎಂದು ಕೆಲವರಿಗೆ ಹೇಳಿದರು, ಹನ್ನೆರಡು ಬರೆಯಿರಿ ಎಂದು ಇನ್ನು ಕೆಲವರಿಗೆ. ಆರು ಸಲೀಸಾಗಿ ನೆನಪಾದವು, ಹನ್ನೆರಡಕ್ಕೆ ತಡಕಾಡಬೇಕಾಯಿತು. ಆಮೇಲೆ ಕೇಳಿದಾಗ, ಹೆಚ್ಚು ಉದಾಹರಣೆ ಕೊಟ್ಟವರೇ ತಮ್ಮನ್ನು ಕಡಿಮೆ ದಿಟ್ಟರೆಂದು ಎಣಿಸಿಕೊಂಡಿದ್ದರು. ನೆನಪಿಸಿಕೊಳ್ಳಲು ಪಟ್ಟ ಕಷ್ಟವನ್ನೇ ಮನಸ್ಸು ಸಾಕ್ಷಿ ಎಂದು ತೆಗೆದುಕೊಳ್ಳುತ್ತದೆ: ಇಷ್ಟು ಹುಡುಕಬೇಕಾಯಿತು ಅಂದರೆ ನನ್ನಲ್ಲಿ ಅದು ಇಲ್ಲವೇನೋ ಎಂದು. ಆರನೆಯ ಸಾಲಿಗೆ ನಿಮ್ಮ ಪೆನ್ನು ನಿಂತಾಗ ಆಗುತ್ತಿರುವುದೂ ಇದೇ.

ಎರಡನೆಯ ತೊಡಕು, ದಿನಾ ಬರೆಯುವುದು. ಈ ವಿಷಯದಲ್ಲಿ ಹೆಸರಾದ ಮೊದಲ ಅಧ್ಯಯನ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲಾ 2003ರಲ್ಲಿ ಪ್ರಕಟಿಸಿದ್ದು. ಅದರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ವಾರಕ್ಕೆ ಒಂದು ಸಲ, ಹತ್ತು ವಾರ, ಹೆಚ್ಚೆಂದರೆ ಐದು ಸಂಗತಿ. ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಸಂಗಡಿಗರು ವಾರಕ್ಕೆ ಒಮ್ಮೆ ಬರೆಯುವವರನ್ನೂ ಮೂರು ಸಲ ಬರೆಯುವವರನ್ನೂ ಆರು ವಾರ ಹೋಲಿಸಿ ನೋಡಿದರು. ನೆಮ್ಮದಿ ಹೆಚ್ಚಿದ್ದು ವಾರಕ್ಕೊಮ್ಮೆ ಬರೆದವರಲ್ಲಿ ಮಾತ್ರ. ದಿನಾ ಬರೆಯಬಾರದು ಎಂದೇನಿಲ್ಲ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿ ರಾತ್ರಿಯೂ ಬರೆಸಿದ್ದರು. ಆದರೆ ಒಂದೇ ವಾರ, ಮೂರೇ ಸಂಗತಿ, ಪ್ರತಿಯೊಂದರ ಕೆಳಗೂ "ಇದು ಯಾಕೆ ಆಯಿತು" ಎಂಬುದಕ್ಕೆ ಉತ್ತರ. ಅದರ ಫಲ ಆರು ತಿಂಗಳವರೆಗೂ ಕಾಣಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು ಆ "ಯಾಕೆ" ಎಂಬುದೇ ಎಂದು ನಮ್ಮ ಅನಿಸಿಕೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದೂ ಅದೇ.

ಹಾಗಾಗಿ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಹದಿನೈದು ನಿಮಿಷ ಸಾಕು. ಕಣ್ಣು ಎಳೆಯುವ ಹೊತ್ತಲ್ಲಿ ಬರೆಯಬೇಡಿ, ಆಗ ಹಳೆಯ ಪದಗಳೇ ಬರುತ್ತವೆ. ಮೂರು ಸಂಗತಿ, ಒಂದೊಂದಕ್ಕೆ ಮೂರು ಸಾಲು. ಏನಾಯಿತು, ಯಾರ ಯಾವ ಶ್ರಮದಿಂದ ಆಯಿತು, ಆಗದೇ ಹೋಗಿದ್ದರೆ ನಿಮ್ಮ ದಿನ ಹೇಗಿರುತ್ತಿತ್ತು. "ಅಮ್ಮ" ಎಂದಷ್ಟೇ ಬರೆದರೆ ಮನಸ್ಸಿಗೆ ಹಿಡಿಯಲು ಏನೂ ಸಿಗದು. "ಮಂಗಳವಾರ ಮಳೆ ಬರುವ ಮುಂಚೆ ಅಮ್ಮ ಮಹಡಿ ಹತ್ತಿ ಬಟ್ಟೆಯನ್ನೆಲ್ಲ ತೆಗೆದಿದ್ದಳು. ಮಂಡಿನೋವಿಗೆ ಮೆಟ್ಟಿಲು ಹತ್ತಬೇಡ ಎಂದಿದ್ದೆ, ಆದರೂ ಹತ್ತಿದ್ದಳು. ಇಲ್ಲದಿದ್ದರೆ ಬುಧವಾರ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದುಕೊಂಡು ಕೂರುತ್ತಿದ್ದೆ." ಹೀಗೆ ಬರೆದರೆ ಅಮ್ಮ ಮುಂದಿನ ವಾರವೂ ಬರಬಹುದು, ಅದರ ಮುಂದಿನ ವಾರವೂ ಬರಬಹುದು, ಸಾಲು ಮಾತ್ರ ಬೇರೆಯಾಗಿರುತ್ತದೆ.

ಮೂರನೆಯ ಸಾಲನ್ನು ಬಿಡಬೇಡಿ. 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಒಳ್ಳೆಯದೊಂದು ಹೇಗೆ ನಡೆಯಿತು ಎಂದು ಬರೆದವರಿಗಿಂತ ಅದು ಹೇಗೆಲ್ಲ ನಡೆಯದೇ ಹೋಗಬಹುದಿತ್ತು ಎಂದು ಬರೆದವರ ಮನಸ್ಸು ಹೆಚ್ಚು ಅರಳಿತ್ತು. ಹತ್ತಿರವಿದ್ದದ್ದು ಕಣ್ಣಿಗೆ ಕಾಣದಂತಾಗುವುದು ಮನಸ್ಸಿನ ಸ್ವಭಾವ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಒಂದು ಗಳಿಗೆ ಅದನ್ನು ಅಲ್ಲಿಂದ ತೆಗೆದು ನೋಡಿದರೆ ಅದರ ಜಾಗ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಆದರೆ ಬೇರೆಯವರ ಕಷ್ಟದೊಂದಿಗೆ ಹೋಲಿಸಿಕೊಳ್ಳಬೇಡಿ. "ಅವರಿಗಿಂತ ನಾನೇ ವಾಸಿ" ಎಂದು ಬರೆದ ಸಾಲಿನಲ್ಲಿ ಕೃತಜ್ಞತೆ ಇರುವುದಿಲ್ಲ, ಸಮಾಧಾನದ ಹೆಸರಿನಲ್ಲಿ ಸಣ್ಣ ಹೆಮ್ಮೆ ಇರುತ್ತದೆ.

ವಸ್ತುಗಳ ವಿಷಯಕ್ಕೆ ಬಂದರೆ, ಇಲ್ಲಿ ನಿಮಗೆ ಎಂದೂ ಮುಗಿಯದ ಸರಕು ಇದೆ. "ಮನೆ" ಎಂದು ಬರೆಯುವ ಬದಲು ಕೈತೊಳೆಯುವ ಬೇಸಿನ್ನಿನ ಕೆಳಗೆ ಬಗ್ಗಿ ನೋಡಿ. ಅಲ್ಲಿ ಪೈಪು ನೇರವಾಗಿ ಇಳಿಯುವುದಿಲ್ಲ, ಕೆಳಗಿಳಿದು, ಮತ್ತೆ ಮೇಲೇರಿ, ಆಮೇಲೆ ಹೊರಗೆ ಹೋಗುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತೇ ಇರುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ಇಂಚು ಆಳ. ನೀವು ಸುರಿದ ನೀರು ಅದನ್ನು ದಾಟಿ ಹೋಗುತ್ತದೆ, ಚರಂಡಿಯ ಗಾಳಿ ಮಾತ್ರ ಅದನ್ನು ದಾಟಿ ಒಳಗೆ ಬರಲಾರದು. ಸ್ಪ್ರಿಂಗ್ ಇಲ್ಲ, ಮುಚ್ಚಳ ಇಲ್ಲ, ಕರೆಂಟು ಬೇಡ, ನೀರೇ ಬಾಗಿಲು. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಶೌಚದ ಕಮೋಡಿಗೆ ಇಂಥ ಬಾಗಿದ ಪೈಪಿನ ಪೇಟೆಂಟ್ ಪಡೆದ. ಬಹಳ ದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಬಚ್ಚಲಿನಿಂದ ಗಬ್ಬು ವಾಸನೆ ಬಂದರೆ, ಬಾಗಿನ ನೀರು ಆರಿಹೋಗಿರುವುದು ಕಾರಣವಾಗಿರಬಹುದು. ಎರಡು ಚೊಂಬು ನೀರು ಸುರಿದು ಸ್ವಲ್ಪ ಹೊತ್ತು ಕಿಟಕಿ ತೆರೆದಿಡಿ. ಆದರೂ ವಾಸನೆ ಹೋಗದಿದ್ದರೆ ಪೈಪಿನ ಜೋಡಣೆಯಲ್ಲೇ ದೋಷವಿರಬಹುದು, ಪ್ಲಂಬರ್‌ಗೆ ತೋರಿಸಿ.

ಬೆಂಕಿಪೊಟ್ಟಣವೂ ಹಾಗೆಯೇ. ಈಗಿನ ಕಡ್ಡಿಯ ತಲೆಯಲ್ಲಿರುವುದು ಪೊಟ್ಯಾಸಿಯಂ ಕ್ಲೋರೇಟ್, ಪೊಟ್ಟಣದ ಬದಿಯಲ್ಲಿರುವುದು ಕೆಂಪು ರಂಜಕ. ಎರಡನ್ನೂ ಬೇರೆಬೇರೆ ಇಟ್ಟಿರುವುದರಿಂದಲೇ ಕಡ್ಡಿ ಜೇಬಿನಲ್ಲಿ ಹೊತ್ತಿಕೊಳ್ಳುವುದಿಲ್ಲ. ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮುಂಚಿನ ಬಿಳಿ ರಂಜಕದ ಕಡ್ಡಿ ಮಾಡುತ್ತಿದ್ದ ಕಾರ್ಮಿಕರಿಗೆ, ಅವರಲ್ಲಿ ಎಷ್ಟೋ ಮಂದಿ ಹೆಂಗಸರು ಮತ್ತು ಮಕ್ಕಳು, ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಬರ್ನ್ ನಗರದಲ್ಲಿ ಆದದ್ದು 1906ರಲ್ಲಿ. ಕೃತಜ್ಞತೆ ಅಂದರೆ ಕಣ್ಣುಮುಚ್ಚಿ ಹಿಗ್ಗುವುದಲ್ಲ; ಈ ಸುಖಕ್ಕೆ ಯಾರು ಬೆಲೆ ತೆತ್ತರು ಎಂಬುದೂ ಆ ಮೂರು ಸಾಲಿನಲ್ಲಿ ಬರಲಿ. ವಾರಕ್ಕೊಂದು ವಸ್ತು ಆರಿಸಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಓದಿ ಬರೆಯಿರಿ. ಗುಂಡಿ, ಸೂಜಿ, ಕನ್ನಡಕ, ಸಾಬೂನು, ಯಾವುದಾದರೂ ಸರಿ.

ಇನ್ನು ಮೇಡಂಗೆ ಬರೆಯುವ ಪತ್ರ. ದಯವಿಟ್ಟು ಬರೆಯಿರಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇದೇ ಸಂಕೋಚವನ್ನು ಪರೀಕ್ಷಿಸಿದರು. ಪತ್ರ ಬರೆದವರು ಓದುವವರಿಗೆ ಮುಜುಗರ ಆಗುತ್ತದೆಂದು ಅತಿಯಾಗಿ ಅಂಜಿದ್ದರು, ಅವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದಾಜು ಮಾಡಿದ್ದರು. ಪದ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಬರೆಯುವವರು ಒದ್ದಾಡುತ್ತಾರೆ; ಓದುವವರಿಗೆ ತಟ್ಟುವುದು ಅದರ ಆತ್ಮೀಯತೆ.

ಒಂದು ಪುಟ ಸಾಕು. ನೀವು ಯಾವ ವರ್ಷ, ಯಾವ ತರಗತಿಯಲ್ಲಿದ್ದಿರಿ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ, "ನಿಮಗೆ ನನ್ನ ನೆನಪಿರದಿದ್ದರೂ ಪರವಾಗಿಲ್ಲ" ಎಂದೂ ಸೇರಿಸಿ. ಸಾವಿರಾರು ಮಕ್ಕಳಿಗೆ ಕಲಿಸಿದವರಿಗೆ ಮುಖ ನೆನಪಾಗದೇ ಹೋದರೆ ಕಸಿವಿಸಿಯಾಗಬಾರದು. ಆಮೇಲೆ ಒಂದೇ ಒಂದು ಪ್ರಸಂಗ. "ನೀವು ತುಂಬ ಚೆನ್ನಾಗಿ ಪಾಠ ಮಾಡುತ್ತಿದ್ದಿರಿ" ಎಂಬುದು ಯಾವ ಮೇಡಂಗಾದರೂ ಬರೆಯಬಹುದಾದ ಸಾಲು. "ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಎಂದು ಬರೆದಿದ್ದೆ. ನೀವು ತಪ್ಪು ಗೀಟು ಹಾಕಲಿಲ್ಲ. ಎರಡು ಕಾಗದದ ಪಟ್ಟಿ ಮಡಚಿ, ನನ್ನ ಉತ್ತರ ಮೊದಲಿದ್ದ ಅರ್ಧಕ್ಕಿಂತಲೂ ಚಿಕ್ಕದು ಎಂದು ನನ್ನ ಕೈಯಿಂದಲೇ ಅಳೆಸಿದಿರಿ" ಎಂಬಂಥ ಸಾಲು ಒಬ್ಬರಿಗೇ ಸೇರುತ್ತದೆ. ನಿಮ್ಮ ನೆನಪಿನಲ್ಲಿರುವ ಅಂಥದ್ದನ್ನು ಹುಡುಕಿ. ಅದರಲ್ಲಿ ಅವರ ಗುಣ ಯಾವುದು ಕಂಡಿತು ಎಂದು ಹೇಳಿ, ತಾಳ್ಮೆಯೋ ಮಗುವಿನ ಮಾನ ಕಾಯುವ ಸೂಕ್ಷ್ಮವೋ. ನಿಮಗಾದ ಲಾಭವನ್ನಷ್ಟೇ ಬರೆದರೆ ಪತ್ರ ನಿಮ್ಮ ಕಥೆಯಾಗುತ್ತದೆ. ಸಾರಾ ಆಲ್ಗೋ ಮತ್ತು ಸಂಗಡಿಗರು ದಂಪತಿಗಳ ಮಾತುಕತೆ ಗಮನಿಸಿ ಕಂಡುಕೊಂಡದ್ದೂ ಇದೇ: "ನನಗೆ ಅನುಕೂಲವಾಯಿತು" ಎಂಬುದಕ್ಕಿಂತ ಉಪಕಾರ ಮಾಡಿದವರನ್ನು ಮೆಚ್ಚುವ ಮಾತು ಕೇಳಿದವರ ಮನಸ್ಸಿಗೆ ಹತ್ತಿರವಾಗುತ್ತದೆ.

ತಡವಾಯಿತೆಂಬ ಕ್ಷಮಾಪಣೆ ಒಂದು ಸಾಲು ದಾಟದಿರಲಿ. ಏನನ್ನೂ ಕೇಳಬೇಡಿ, ಉತ್ತರವನ್ನು ಕೂಡ. ಹತ್ತಿರದಲ್ಲಿದ್ದರೆ ಹೋಗಿ ಓದಿ ಹೇಳಿ. ಸೆಲಿಗ್‌ಮನ್ ತಂಡದ ಅಧ್ಯಯನದಲ್ಲಿ ಹಾಗೆ ಮಾಡಿದವರಿಗೆ ತಕ್ಷಣದ ಸಂತೋಷ ಉಳಿದೆಲ್ಲ ಅಭ್ಯಾಸಗಳಿಗಿಂತ ಹೆಚ್ಚಿತ್ತು. ಒಂದು ತಿಂಗಳಷ್ಟು ಉಳಿದ ಅದು ಮೂರು ತಿಂಗಳ ಹೊತ್ತಿಗೆ ಇಳಿದುಹೋಗಿತ್ತು ಎಂಬುದನ್ನೂ ಹೇಳಬೇಕು. ಒಂದು ಪತ್ರ ಬರೆದು ಜನ್ಮಕ್ಕಾಯಿತು ಎನ್ನುವಂತಿಲ್ಲ. ಬರೆಯಬೇಕಾದವರು ಇನ್ನೂ ಇದ್ದೇ ಇರುತ್ತಾರೆ.

ಮೇಲಧಿಕಾರಿಯ ವಿಷಯದಲ್ಲಿ ನಮ್ಮ ಮಾತು ನಿಮ್ಮ ಗೆಳತಿಯರದಕ್ಕಿಂತ ಬೇರೆ. ಬೈಗುಳಕ್ಕೆ ಕೃತಜ್ಞತೆ ಸಲ್ಲಬೇಕಿಲ್ಲ. ಪುಟದ ನಡುವೆ ಗೆರೆ ಎಳೆದು, ಎಡಗಡೆ ನಡೆದದ್ದನ್ನು ಇದ್ದದ್ದು ಇದ್ದಹಾಗೆ ಬರೆಯಿರಿ. ಬಲಗಡೆ, ಆಮೇಲೆ ಏನು ಕಲಿತಿರಿ, ನಿಜವಾಗಿ ಕಲಿಸಿದವರು ಯಾರು ಎಂದು ಬರೆಯಿರಿ. ವರದಿಯ ಲೆಕ್ಕ ಎಲ್ಲಿ ತಪ್ಪಿತೆಂದು ಮರುದಿನ ಪಕ್ಕದಲ್ಲಿ ಕುಳಿತು ತೋರಿಸಿದವರು ಸಹೋದ್ಯೋಗಿ ಆಗಿದ್ದರೆ ಆ ಸಾಲು ಅವರಿಗೆ ಸಲ್ಲಬೇಕು. ಎಷ್ಟೋ ಸಲ ನಮಗೆ ಪಾಠ ಕಲಿಸುವುದು ನಾವು ಮಾಡಿದ ತಪ್ಪೇ. 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ತೋರಿಸಿದಂತೆ, ತುಂಬ ಖಾತ್ರಿಯಿಂದ ಹೇಳಿದ ತಪ್ಪು ಉತ್ತರವನ್ನು ಯಾರಾದರೂ ತಿದ್ದಿದರೆ, ಅರೆಮನಸ್ಸಿನಿಂದ ಹೇಳಿದ್ದಕ್ಕಿಂತ ಆ ತಿದ್ದುಪಡಿ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಸರಿಯುತ್ತರ. ಅವಮಾನ ಅದರ ಭಾಗವಲ್ಲ. ಎಲ್ಲರೆದುರು ಬೈಯುವುದು ಮುಂದುವರಿದರೆ ದಿನಾಂಕ, ಆಡಿದ ಮಾತು, ಎದುರಿಗಿದ್ದವರ ಹೆಸರು ಎಲ್ಲವನ್ನೂ ಬೇರೆಯೇ ಪುಸ್ತಕದಲ್ಲಿ ಗುರುತು ಹಾಕಿಡಿ. ದೂರು ಕೊಡಬೇಕಾಗಿ ಬಂದಾಗ ಬೇಕಾಗುತ್ತದೆ.

ಕಲಿಕೆಯ ಬಗ್ಗೆ ಇನ್ನೊಂದು ಮಾತು. ಒಮ್ಮೆ ಕೈಗೆ ಬಂದ ವಿದ್ಯೆ ತಾನು ಬಂದ ದಾರಿಯನ್ನು ಅಳಿಸಿಕೊಂಡು ಬರುತ್ತದೆ. ಓದಲು ಕಲಿತದ್ದು ಎಷ್ಟು ಕಷ್ಟವಾಗಿತ್ತು ಎಂದು ಈಗ ನೆನಪಾಗದು. ರೂಢಿಯಿಲ್ಲದ ಕೈಯಲ್ಲಿ ನಿಮ್ಮ ಹೆಸರನ್ನು ಐದು ಸಲ ಬರೆದು ನೋಡಿ, ಇಲ್ಲವೇ ಗೊತ್ತಿಲ್ಲದ ಲಿಪಿಯ ನಾಲ್ಕು ಅಕ್ಷರ ತಿದ್ದಿ. ಬೆರಳು ಬಿಗಿಯುತ್ತದೆ, ಅಕ್ಷರ ಗೆರೆ ಬಿಟ್ಟು ಓಡುತ್ತದೆ, ಎರಡು ನಿಮಿಷಕ್ಕೇ ಬೇಸರ ಬರುತ್ತದೆ. ಅಂಥ ಕೈಯನ್ನು ತಿಂಗಳುಗಟ್ಟಲೆ ಹಿಡಿದು ತಿದ್ದಿಸಿದವರು ಯಾರು ಎಂದು ಆಗ ಕೇಳಿಕೊಂಡರೆ ಆ ವಾರದ ಮೂರು ಸಾಲು ತಾವಾಗಿಯೇ ಬರುತ್ತವೆ.

ಇದರಿಂದ ಎಲ್ಲವೂ ಸರಿಹೋಗುತ್ತದೆ ಎಂದು ಹೇಳಲಾರೆವು. ಕ್ರೆಗ್ ಮತ್ತು ಚೀವನ್ಸ್ 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಖಿನ್ನತೆ ಮತ್ತು ಆತಂಕದ ಮೇಲೆ ಇಂಥ ಅಭ್ಯಾಸಗಳ ಪರಿಣಾಮ ಚಿಕ್ಕದು ಎಂದಿದ್ದಾರೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ ಎಂದಾದರೆ ಪುಸ್ತಕ ಬದಿಗಿಟ್ಟು ವೈದ್ಯರ ಬಳಿ ಹೋಗಿ. ಅಂಥ ದಿನಗಳಲ್ಲಿ "ಇಷ್ಟೆಲ್ಲ ಇದ್ದೂ ನನಗೇಕೆ ಹೀಗೆ" ಎಂದು ಪಟ್ಟಿಯೇ ಚುಚ್ಚಬಹುದು.

ಮಗನಿಗೆ ಪುಸ್ತಕ ಕೊಟ್ಟು ಬರೆಯೆಂದರೆ ಅದು ಇನ್ನೊಂದು ಹೋಂವರ್ಕ್ ಆಗುತ್ತದೆ. "ಥ್ಯಾಂಕ್ಸ್ ಹೇಳು" ಎಂದು ಎಲ್ಲರೆದುರು ತಿವಿಯುವುದೂ ಬೇಡ. ಜೆಫ್ರಿ ಫ್ರೋ ಮತ್ತು ಸಂಗಡಿಗರು ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಕಲಿಸಿದ್ದು ಉಪಕಾರವನ್ನು ಬಿಡಿಸಿ ನೋಡುವುದನ್ನು: ಅವರು ಬೇಕೆಂದೇ ಮಾಡಿದರಾ, ಅದಕ್ಕಾಗಿ ಏನು ಬಿಟ್ಟುಕೊಟ್ಟರು, ನಿನಗೆ ಏನು ಸಿಕ್ಕಿತು. ಗೆಳೆಯನೊಬ್ಬ ಆಟ ಬಿಟ್ಟು ಬಂದು ಸೈಕಲ್ಲಿನ ಚೈನ್ ಹಾಕಿಕೊಟ್ಟ ದಿನ ಈ ಮೂರನ್ನು ಮಾತಿನ ನಡುವೆ ಕೇಳಿ. "ಅವನಿಗೆ ಆಟ ತಪ್ಪಿತಲ್ಲ" ಎಂದು ಮಗನೇ ಹೇಳಿದರೆ ನಾಳೆ ಅವನಿಗೆ ಏನು ಹೇಳುತ್ತೀ ಎಂದು ಕೇಳಿ, ಉತ್ತರ ನೀವು ಹೇಳಿಕೊಡಬೇಡಿ. "ಏನಿಲ್ಲ" ಎಂದು ಭುಜ ಕುಣಿಸಿದರೆ ಆವತ್ತಿಗೆ ಬಿಟ್ಟುಬಿಡಿ.

- ಸಂಪಾದಕರು