ಹೊಗೆಯಲ್ಲಿ ಮೇಲಕ್ಕೆ ಹೋದ ಆಸೆ

ನಮಸ್ಕಾರ.

ಮಂಡ್ಯದಿಂದ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ನಾಲೆಗೆ ನೀರು ಬಾರದೆ ದೊಡ್ಡಪ್ಪನ ಕಬ್ಬು ಒಣಗುವುದು, ಅದನ್ನೇ ನಂಬಿ ಗೊತ್ತು ಮಾಡಿದ್ದ ಮಗಳ ಮದುವೆ ನಿಲ್ಲುವುದು, ಎಲ್ಲ ಚೆನ್ನಾಗಿ ಬಂದಿದೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಕಥೆಯ ಮುಖ್ಯ ಜಾಗದಲ್ಲೇ ಒಂದು ಸಾಲು ಕೂತಿದೆ: 'ದೊಡ್ಡಪ್ಪನ ಆಸೆಗಳೆಲ್ಲ ಹೊಗೆಯಲ್ಲಿ ಮೇಲಕ್ಕೆ ಹೋದವು.'

ಇದು ಇಂಗ್ಲಿಷಿನ 'ಗೋ ಅಪ್ ಇನ್ ಸ್ಮೋಕ್', ಅಲ್ವಾ? ಆ ಮಾತಿಗೆ ಅಲ್ಲಿ ಎರಡು ಅರ್ಥ. ಒಂದು, ನಿಜವಾಗಲೂ ಸುಟ್ಟು ಬೂದಿಯಾಗುವುದು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತಲ್ಲ, ಅದಕ್ಕೂ ಇದೇ ಮಾತು ನಡೆಯುತ್ತದೆ. ಇನ್ನೊಂದು, ಕೂಡಿಟ್ಟ ಹಣವೋ ಹಾಕಿಕೊಂಡ ಲೆಕ್ಕಾಚಾರವೋ ಏನೂ ಉಳಿಯದಂತೆ ಹೋಗುವುದು. ನಿಮಗೆ ಬೇಕಿದ್ದದ್ದು ಎರಡನೆಯದು. ಕನ್ನಡಕ್ಕೆ ಬಂದಿರುವುದು ಬರೀ ಹೊಗೆ.

ಅದೂ ಮಂಡ್ಯದ ಕಥೆಯಲ್ಲಿ! ಎರಡು ಪುಟ ಹಿಂದೆ ನೀವೇ ಆಲೆಮನೆ ತೋರಿಸಿದ್ದೀರಿ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಾರೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಹೊಗೆ ಏಳುತ್ತದೆ. ನಮ್ಮ ಕಡೆ ಆಲೆಮನೆಯಲ್ಲಿ ಹೊಗೆ ಎದ್ದರೆ ಬೆಲ್ಲ ಆಗುತ್ತಿದೆ ಎಂದರ್ಥ. ಹಾಗಿರುವಾಗ ಅದೇ ಹೊಗೆ ಕಂಡು ಓದುಗರು ದುಃಖ ಪಡುವುದು ಹೇಗೆ?

ಹಾಳಾಗುವುದಕ್ಕೆ ನಮ್ಮಲ್ಲಿ ಮಾತಿಗೆ ಬರವೇ? ಮಣ್ಣುಪಾಲಾಯಿತು, ಮೂರಾಬಟ್ಟೆಯಾಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದೊಡ್ಡಪ್ಪನೇ ಬಾಯಿ ಬಿಟ್ಟಿದ್ದರೆ 'ಎಲ್ಲಾ ಎಕ್ಕುಟ್ಟೋಯ್ತು ಕಣ್ಲಾ' ಅನ್ನುತ್ತಿದ್ದ. ಆದರೆ ಇವನ್ನೂ ಜಾಗ ನೋಡಿ ಹಾಕಬೇಕು. ಕೊನೆಯ ಪುಟದಲ್ಲಿ 'ಬೆಳೆ ನೀರುಪಾಲಾಯಿತು' ಎಂದು ಬರೆದಿದ್ದೀರಿ. ಹೊಳೆ ಉಕ್ಕಿ ಗದ್ದೆ ಕೊಚ್ಚಿಕೊಂಡು ಹೋದಾಗಿನ ಮಾತು ಅದು. ನೀರಿಲ್ಲದೆ ಒಣಗಿದ ಬೆಳೆಗೆ ಸುಮ್ನೆ ಅಂಟಿಸಿದಂತಾಗಿದೆ.

ನಿಮಗೆ ಬರೆಯಲು ಬರುತ್ತದೆ. ದೊಡ್ಡಪ್ಪ ಗದ್ದೆಗೆ ಇಳಿದು ಒಂದು ಜಲ್ಲೆ ಮುರಿದು ನೋಡುತ್ತಾನೆ. ಒಳಗೆ ಬೆಂಡು. ಮಾತಾಡದೆ ಅದನ್ನು ಬದುವಿನ ಮೇಲಿಟ್ಟು, ಟವಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತು. ಅದರ ಮುಂದಿನ ಸಾಲೇ ಆ ಹೊಗೆ! ಅದನ್ನು ಹೊಡೆದುಹಾಕಿ. ಆ ಜಾಗಕ್ಕೆ ಇನ್ನೊಂದು ನುಡಿಗಟ್ಟು ಹುಡುಕಬೇಡಿ, ಆ ಬೆಂಡು ಜಲ್ಲೆಯೇ ಸಾಕು.

ತಿದ್ದಿ ಕಳಿಸಿ. ಬಂದ ದಿನವೇ ಓದುತ್ತೇನೆ.

ಸಂಪಾದಕ, ಮೈಸೂರು