ಹೆಸರಿಡಲಾಗದ ಪತ್ರ

ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಹಾಸನದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಾಗ ಅವರಿಗೆ ಮೂವತ್ತನಾಲ್ಕು. ಸಕಲೇಶಪುರದ ಕಡೆಯವರು. ಒಡಿಶಾದ ಒಂದು ಹಳ್ಳಿಯಲ್ಲಿ ಮಿಷನರಿ, ಹಾಸ್ಟೆಲ್ ಮಕ್ಕಳಿಗೆ ಪಾಠ ಹೇಳುತ್ತಾರೆ. ರಜೆಗೆ ಊರಿಗೆ ಬಂದಿದ್ದರು. "ನಿದ್ದೆ ಬರ್ತಿಲ್ಲ ಮೇಡಂ" ಎಂದೇ ಶುರು ಮಾಡಿದರು. ಕಾರಣ ಕೇಳಿದರೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಸ್ನೇಹಿತರಿಗೆ, ನೆರವು ಕೊಡುವವರಿಗೆ ತಿಂಗಳಿಗೊಂದು ಪತ್ರ ಬರೆಯುವ ಆಸೆ. ಅದಕ್ಕೆ ಹೆಸರು ಹುಡುಕುತ್ತಾ ಐದು ತಿಂಗಳಾಗಿದೆ. ನಲವತ್ತಕ್ಕೂ ಜಾಸ್ತಿ ಹೆಸರು, ಎಲ್ಲದರ ಮೇಲೂ ಗೀಟು. ಪತ್ರ ಮಾತ್ರ ಒಂದೂ ಇಲ್ಲ!

ಮೊದಲು ಹೆಸರುಗಳನ್ನೇ ಹಿಡಿದು ಕೂತೆವು. 'ಕತ್ತಲಿಗೊಂದು ದೀಪ' ಎಂದಿತ್ತು. "ನೀವಿರುವ ಹಳ್ಳಿಯವರ ಮುಂದೆ ಇದನ್ನ ಗಟ್ಟಿಯಾಗಿ ಓದ್ತೀರಾ?" ಎಂದೆ. ಸುಮ್ಮನಾದರು. ದಿನಾ ಗಂಜಿ ಕೊಡುವ ಮನೆಯನ್ನು ಕತ್ತಲು ಅಂದ ಹಾಗಾಗುತ್ತದಲ್ಲ. 'ಮುಳುಗದ ಗುಡಿ' ಎಂದು ಇನ್ನೊಂದು. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೆನೆದು ಇಟ್ಟಿದ್ದು. ಆದರೆ ಹೇಮಾವತಿ ಹಿನ್ನೀರು ಏರಿದಾಗ ಅದು ಅರ್ಧ ಮುಳುಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಬ್ಬರೂ ನಕ್ಕೆವು.

ಆ ಹಳ್ಳಿಯ ಹೆಸರನ್ನೇ ಇಡಲಾ ಎಂದರು. ಆಗ ಮೊಗ್ಲಿಂಗ್ ಕತೆ ಹೇಳಿದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ 1843ರ ಜುಲೈನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದಾಗ ಊರಿನ ಹೆಸರಲ್ಲೇ 'ಮಂಗಳೂರು ಸಮಾಚಾರ' ಎಂದಿಟ್ಟರು. ಮರುವರ್ಷವೇ ಅಚ್ಚಿನ ಕೆಲಸ ಬಳ್ಳಾರಿಗೆ ಹೋಯಿತು. ಹೆಸರು 'ಕನ್ನಡ ಸಮಾಚಾರ' ಆಯಿತು. ನಿಮಗೂ ನಾಳೆ ವರ್ಗ ಆಗಬಹುದು, ಅಲ್ವಾ?

"ಹಾಗಾದ್ರೆ ಸುಮ್ನೆ ನಿಮ್ಮ ಹೆಸರೇ ಇಡಿ" ಎಂದಾಗ ಮುಖ ಕೆಂಪಾಯಿತು. ನಿಜವಾದ ಗಂಟು ಅಲ್ಲಿತ್ತು. ಎರಡು ವರ್ಷದ ಹಿಂದೆ ಇಂಥದ್ದೇ ಪತ್ರ ಬರೆದಿದ್ದರಂತೆ, ತಮ್ಮ ಹೆಸರಲ್ಲಿ. ಚರ್ಚ್ ಸಭೆಯ ಹಿರಿಯರೊಬ್ಬರು ಎಲ್ಲರೆದುರು, "ದೇವರ ಸೇವೆಯೋ, ಸ್ವಂತ ಪ್ರಚಾರವೋ?" ಎಂದುಬಿಟ್ಟರು. ಅಂದಿನಿಂದ ಬರೆದಿಲ್ಲ. ಯಾರೂ ಬೆರಳು ತೋರಿಸಲಾಗದಂಥ ಹೆಸರು ಬೇಕಿತ್ತು ಇವರಿಗೆ. ಅಂಥ ಹೆಸರು ಎಲ್ಲೂ ಇರುವುದಿಲ್ಲ. ಆ ಮಾತು ಎಷ್ಟು ನೋಯಿಸಿತು ಎಂದು ಅವರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆ ದಿನದ ಉಳಿದ ಹೊತ್ತೆಲ್ಲ ಅದಕ್ಕೇ ಹೋಯಿತು, ಹೋಗಲೂ ಬೇಕಿತ್ತು.

ಎರಡನೇ ಭೇಟಿಯಲ್ಲಿ ನಾನು ಹೇಳಿದ್ದು ಇಷ್ಟು. ಹೆಸರಿನ ನೋಟ್‌ಬುಕ್ ಅಮ್ಮನ ಹತ್ತಿರ ಕೊಟ್ಟು ಹೋಗಿ. ಮೂರು ತಿಂಗಳು ಹೆಸರಿಲ್ಲದೆ ಬರೆಯಿರಿ, ಮೇಲೆ ಬರೀ ತಾರೀಖು ಹಾಕಿ. ಆಮೇಲೆ ಮೂರನ್ನೂ ಒಟ್ಟಿಗೆ ಓದಿ, ಮತ್ತೆ ಮತ್ತೆ ಬಂದ ಮಾತಿಗೆ ಸುತ್ತು ಹಾಕಿ. ಅದನ್ನು ಫೋನಿನಲ್ಲಿ ಯಾರಿಗಾದರೂ ಹೇಳಿ. "ಏನಂದ್ರಿ?" ಎಂದು ಕೇಳಿದರೆ ಬಿಟ್ಟುಬಿಡಿ. ಮಕ್ಕಳ ಹೆಸರು, ಫೋಟೋ ಮಾತ್ರ ಯಾವ ಪತ್ರದಲ್ಲೂ ಬೇಡ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ನಾಲ್ಕನೇ ತಿಂಗಳು ವಾಟ್ಸಾಪ್‌ನಲ್ಲಿ ಪತ್ರ ಬಂತು. ಮೇಲೆ 'ಹೊಳೆ ಆಚೆ' ಎಂದಿತ್ತು. ಶಾಲೆಗೆ ಹೋಗಲು ದಿನಾ ಒಂದು ಹೊಳೆ ದಾಟಬೇಕಂತೆ. "ಹಳ್ಳಿಯವರಿಗೆ ನಾನು ಆಚೆಯವನು, ನನಗೆ ಅವರು ಆಚೆಯವರು" ಎಂದು ಬರೆದಿದ್ದರು. ನನಗೆ ಹಿಡಿಸಿತು.

ವಾರ ಕಳೆದು ಫೋನ್ ಬಂತು. "ಮೇಡಂ, ಅಮ್ಮ ಬೇಡ ಅಂತಿದ್ದಾರೆ. ನಮ್ಮೂರಲ್ಲಿ ಹೊಳೆ ಆಚೆ ಅಂದ್ರೆ ಸ್ಮಶಾನ. ಬದಲಾಯಿಸಲಾ?"

ಮುಂದಿನ ಪತ್ರ ಯಾವಾಗ ಎಂದು ಕೇಳಿದೆ.

"ಅರ್ಧ ಆಗಿದೆ" ಎಂದರು.